ಹೊಗೆ ಇಲ್ಲದ ಕೆಂಡ

ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನದು. ಹೆಂಡತಿ ಪಣಜಿಗೆ ಹೋಗಿ ಆಫೀಸಿನಲ್ಲಿ ದುಡಿಯುತ್ತಾಳೆ, ನೆಂಟರಿಷ್ಟರನ್ನು ಸಂಭಾಳಿಸುತ್ತಾಳೆ, ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿಗಾಗಿ ಜಗಳಾಡುತ್ತಾಳೆ. ನಾನು ಮ್ಹಾಪಸಾ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಪರ್ವರಿಯ ಮನೆಗೆ ಬಂದು ಹೆದರುತ್ತೇನೆ. ಇದು ಅವಳೇ ಮಾಡಿದ ಕೆಲಸದ ಹಂಚಿಕೆ, ನಾನು ತಕರಾರು ಮಾಡಿಲ್ಲ.

ಹೆದರಲು ನನಗೆ ಕಾರಣಗಳಿವೆ. ಮೂಲಧಾತುಗಳ ಗುಣ, ಉಪಯೋಗ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನಿಗೆ ಮನೆಯ ಸಾಮಾನು ಬರೀ ಸಾಮಾನಾಗಿ ಕಾಣುವುದಿಲ್ಲ. ಜ್ವರ ನೋಡುವ ಗಾಜಿನ ಕಡ್ಡಿಯಲ್ಲಿ ಪಾದರಸ ಕಾಣುತ್ತದೆ, ಹಳೆಯ ಬಾಗಿಲಿನ ಬಣ್ಣದಲ್ಲಿ ಸೀಸ, ನಲ್ಲಿಯ ನೀರಿನಲ್ಲಿ ಕ್ಲೋರಿನ್. ಹುಣಸೆಹಣ್ಣು ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ ಎಂದು ಮದುವೆಯಾದ ಹೊಸದರಲ್ಲೇ ಅತ್ತೆಗೆ ಹೇಳಿ ಮಾವನ ಮನೆಯಲ್ಲಿ ನಗೆಪಾಟಲಾದವನು ನಾನು. ಬಚ್ಚಲು ತೊಳೆಯುವ ಆಸಿಡ್ ಒಳಗಿದ್ದರೆ ಬ್ಲೀಚಿಂಗ್ ಪುಡಿ ಬಾಲ್ಕನಿಯಲ್ಲೇ ಇರಬೇಕು, ಎರಡೂ ಅಪ್ಪಿತಪ್ಪಿ ಕೂಡಬಾರದು ಎಂದು ಕಾನೂನು ಮಾಡಿದ್ದೇನೆ. ಪಾದರಸದ ಕಡ್ಡಿಯನ್ನಂತೂ ಮಗಳು ಹುಟ್ಟಿದ ವರ್ಷವೇ ಮನೆಯಿಂದ ಹೊರಗೆ ಹಾಕಿದೆ. ಯಾರಾದರೂ ಬಂದರೆ ಹೆಂಡತಿ ನಗುತ್ತಾಳೆ: “ಇವರ ಜೋಡಿ ಸಂಸಾರ ಅಂದ್ರ ಲ್ಯಾಬಿನ್ಯಾಗ ಬಾಡಿಗಿ ಇದ್ದಂಗ ನೋಡ್ರಿ.”

ಇಷ್ಟು ವರ್ಷ ಹೆದರಿದ್ದರಲ್ಲಿ ಒಂದೂ ನಿಜವಾಗಲಿಲ್ಲ. ಯಾರಿಗೂ ಸೀಸ ಏರಲಿಲ್ಲ, ಯಾರಿಗೂ ಕ್ಲೋರಿನ್ ಹತ್ತಲಿಲ್ಲ. ಹೀಗಾಗಿ ನನ್ನ ಹೆದರಿಕೆಗೆ ಮನೆಯಲ್ಲಿ ಕವಡೆ ಕಿಮ್ಮತ್ತೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಮಗಳು ಹೆರಿಗೆಗೆಂದು ಬೆಳಗಾವಿಯಿಂದ ನಮ್ಮಲ್ಲಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೆಂಡತಿಗೆ ಬಹಳ ದಿನ ರಜೆ ಸಿಗುವಂತಿರಲಿಲ್ಲ, ಆದ್ದರಿಂದ ಬಾಣಂತನಕ್ಕೆ ನನ್ನ ಅಕ್ಕನನ್ನು ಕರೆಸಿದೆವು. ಅಕ್ಕ ಧಾರವಾಡದ ಹತ್ತಿರದ ನಮ್ಮ ಹಳ್ಳಿಯಲ್ಲೇ ಲಗ್ನವಾಗಿ ಅಲ್ಲೇ ಇರುವವಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎಣ್ಣೆ ತಿಕ್ಕಿ ಎರೆಯಲು ಅವಳೇ ಬೇಕು. ಅವಳು ಬಸ್ಸಿನಿಂದ ಇಳಿದಾಗ ಒಂದು ಕೈಯಲ್ಲಿ ಕೌದಿಯ ಗಂಟು, ಇನ್ನೊಂದರಲ್ಲಿ ಅಂಟಿನ ಉಂಡಿಯ ಡಬ್ಬಿ, ಕಂಡಕ್ಟರ್ ಕೆಳಗಿಳಿಸಿಕೊಟ್ಟ ಚೀಲದಲ್ಲಿ ಒಂದು ಕಬ್ಬಿಣದ ಶೆಗಡಿ ಇತ್ತು. ಇದ್ದಿಲು ಹಾಕಿ ಬೆಂಕಿ ಮಾಡುವ ಆ ಸಣ್ಣ ಒಲೆಯನ್ನು ನೋಡಿದ ಕೂಡಲೇ ನನ್ನ ಹೆದರುವ ಕೆಲಸ ಶುರುವಾಯಿತು.

“ಅಕ್ಕಾ, ಇದ್ಯಾಕ? ಇಲ್ಲಿ ಗ್ಯಾಸ್ ಐತಿ, ಗೀಜರ್ ಐತಿ,” ಎಂದೆ.

“ಗ್ಯಾಸಿನ ಮ್ಯಾಲ ಬಾಣಂತಿನ್ನ ಮಲಗಸ್ತಿಯೇನು?” ಎಂದಳು. “ಬೆಂಕಿ ಇಲ್ದ ಬಾಣಂತನ ಮಾಡಿದ್ರ ನಾಳೆ ಸೊಂಟ ಹಿಡೀತೈತಿ, ಕೂಸಿಗೆ ನೆಗಡಿ ಆಗತೈತಿ. ನಮ್ಮ ಓಣ್ಯಾಗ ಎಷ್ಟ ಮಂದೀನ್ನ ಹಿಂಗ ಕಾಸೀನಿ ಗೊತ್ತೇನು ನಿನಗ? ನಿನ್ನನ್ನೂ ಅವ್ವ ಹಿಂಗ ಕಾಸ್ಯಾಳ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಒಲೆ ಇಡುತ್ತಾರೆ. ಕೆಂಡಕ್ಕೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುತ್ತಾರೆ. ಮೇಲೊಂದು ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಒಣಗಿಸುತ್ತಾರೆ. ಬಾಗಿಲು ಕಿಟಕಿ ಮುಚ್ಚಿರುತ್ತವೆ. ಗಂಡಸರು ಆ ಕೋಣೆಗೆ ಕಾಲಿಡುವಂತಿಲ್ಲ, ಅಜ್ಜನಾದರೂ ಅಷ್ಟೇ. ಊರಿನ ಮನೆಯಲ್ಲಿ ನಾನು ಇದನ್ನೆಲ್ಲ ನೋಡಿಯೇ ಬೆಳೆದಿದ್ದೆ. ಆದರೆ ಅಲ್ಲಿ ಹಂಚಿನ ಮಾಡಿತ್ತು, ಮಾಡಿನಲ್ಲಿ ಬೆಳಕಿಂಡಿ ಇತ್ತು, ಗೋಡೆಗೂ ತೊಲೆಗೂ ನಡುವೆ ಬೆಕ್ಕು ನುಸುಳುವಷ್ಟು ಸಂದು ಇತ್ತು.

ಪರ್ವರಿಯ ನಮ್ಮ ಫ್ಲ್ಯಾಟು ಹಾಗಿಲ್ಲ. ಕಿಟಕಿಗಳು ಅಲ್ಯೂಮಿನಿಯಂ ಚೌಕಟ್ಟಿನವು, ಸರಿಸಿ ಮುಚ್ಚಿದರೆ ಅಂಚಿನ ರಬ್ಬರು ಹೊರಗಿನ ಸದ್ದನ್ನೂ ಒಳಗೆ ಬಿಡುವುದಿಲ್ಲ. ಕೆಳಗೆ ಹೆದ್ದಾರಿಯ ಮೇಲ್ಸೇತುವೆ ಕೆಲಸದ ಧೂಳು, ಗದ್ದಲ. ಅದಕ್ಕೆಂದೇ ಬಿಲ್ಡರನಿಗೆ ಹೇಳಿ ನಾನೇ ಅಂಥವನ್ನು ಹಾಕಿಸಿದ್ದೆ. ಅಕ್ಕ ಮೊದಲ ದಿನವೇ ಸಣ್ಣ ಬೆಡ್‌ರೂಮನ್ನು ಬಾಣಂತಿ ಕೋಣೆ ಮಾಡಿದಳು. ಶುಕ್ರವಾರದ ಮ್ಹಾಪಸಾ ಸಂತೆಗೆ ಹೋಗಿ, ನವಾರು ಹೆಣೆದ ಮಡಚುವ ಮಂಚವನ್ನೂ ಮೀನು ಸುಡುವ ಹೋಟೆಲಿನವರು ಕೊಳ್ಳುವ ಇದ್ದಿಲಿನ ಚೀಲವನ್ನೂ ನನ್ನ ಹೆಗಲ ಮೇಲೆಯೇ ಹೊರಿಸಿಕೊಂಡು ಬಂದಳು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಕಿಟಕಿ ಸ್ವಲ್ಪ ತೆರೆದಿರಲಿ, ಬೆಂಕಿಗೆ ಗಾಳಿ ಬೇಕು, ಹೊಗೆಗೆ ದಾರಿ ಬೇಕು ಎಂದೆ. ಅಕ್ಕ ನನ್ನನ್ನು ಬಾಲ್ಕನಿಗೆ ಕರೆದೊಯ್ದು ತೋರಿಸಿದಳು. ಶೆಗಡಿಯನ್ನು ಅವಳು ಹೊತ್ತಿಸುತ್ತಿದ್ದದ್ದು ಅಲ್ಲಿ, ಮಳೆಯ ಎರಚಲಿಗೆ ಬೆನ್ನು ಕೊಟ್ಟು ಕುಳಿತು. ಹಸಿ ಹೊಗೆಯೆಲ್ಲ ಹೋಗಿ, ಇದ್ದಿಲು ನಿಗಿನಿಗಿ ಕೆಂಪಾಗಿ, ಮೇಲೆ ಬೂದಿಯ ತೆಳುಪರೆ ಕಟ್ಟಿದ ಮೇಲೆಯೇ ಒಳಗೆ ಒಯ್ಯುತ್ತಿದ್ದಳು. “ಕಣ್ಣೀಗೆ ಹತ್ತತೈತೇನು? ಮೂಗೀಗೆ ಹತ್ತತೈತೇನು? ಹೊಗಿ ಇದ್ದ ಕೆಂಡ ಒಳಗ ಒಯ್ಯಾಕ ನಾ ಏನ್ ಹೊಸಬಳಾ?” ಎಂದಳು. ನಿಜಕ್ಕೂ ಹೊಗೆಯಿರಲಿಲ್ಲ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. “ಈಗರ ಸಮಾಧಾನ ಆತಿಲ್ರಿ? ಅಕ್ಕಾರಿಗೆ ಅಷ್ಟೂ ತಿಳಿಯಂಗಿಲ್ಲೇನು?” ಎಂದು ನನ್ನನ್ನೇ ಗದರಿಸಿದಳು. ಬಾಗಿಲಾದರೂ ಒಂದು ಗೇಣು ತೆರೆದಿರಲಿ ಎಂದು ಒಪ್ಪಿಸಿಕೊಂಡೆ. ಅದು ಒಂದೆರಡು ದಿನ ತೆರೆದಿತ್ತು. ಆಮೇಲೆ ಆಷಾಢದ ಗಾಳಿ ಎದ್ದಿತು, ಬಾಗಿಲು ಪಟಪಟ ಬಡಿದು ಕೂಸು ಬೆಚ್ಚುತ್ತದೆಂದು ಅದನ್ನೂ ಮುಚ್ಚಿದರು.

ಮೊದಲು ಬಂದದ್ದು ತಲೆನೋವು. ಮಗಳು ಎಣ್ಣೆ ನೀರಿಗೆಂದು ಹೊರಗೆ ಬಂದಾಗ ಹಣೆ ಒತ್ತಿಕೊಳ್ಳುತ್ತಿದ್ದಳು. “ಅಪ್ಪಾ, ತಲಿ ಭಾರ ಆಗೇತಿ, ಒಂಥರಾ ಓಕರಿಕಿ ಬರತೈತಿ,” ಎಂದಳು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಫೋನ್ ಮಾಡಿದೆವು. ನಿದ್ದೆ ಸಾಲದು, ರಕ್ತ ಕಡಿಮೆಯಿದೆ, ಕಬ್ಬಿಣದ ಮಾತ್ರೆ ಬಿಡಬೇಡಿ ಎಂದರು. ಕೆಂಡದ ಸುದ್ದಿಯನ್ನು ಅವರಿಗೆ ಯಾರೂ ಹೇಳಲಿಲ್ಲ, ಅದು ಹೇಳುವ ಸಂಗತಿ ಎಂದು ಯಾರಿಗೂ ಅನ್ನಿಸಲಿಲ್ಲ. ಅಕ್ಕನ ರೋಗನಿದಾನ ಬೇರೆಯಿತ್ತು. “ಥಂಡಿ ಹತ್ತೇತಿ. ಈ ಗೋವಾದ ಹವಾನ ಹಸಿ, ಗ್ವಾಡಿ ಮುಟ್ಟಿದ್ರ ಕೈ ಒದ್ದಿ ಆಗತೈತಿ,” ಎಂದು ಶೆಗಡಿಗೆ ಇನ್ನೆರಡು ಹಿಡಿ ಇದ್ದಿಲು ಸುರಿದಳು. ತಲೆನೋವು ಹೆಚ್ಚಾಯಿತು. ಅಕ್ಕ ಕೆಂಡ ಹೆಚ್ಚಿಸಿದಳು.

ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಹಾಲಿನಲ್ಲಿ ಪೇಪರ್ ಹಿಡಿದು ಕುಳಿತು ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ. ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್ಪು ನೆನಪಾಯಿತು. ಡ್ರಾಯರಿನಿಂದ ತೆಗೆದು, ಹೊಸ ಸೆಲ್ ಹಾಕಿ, ಹೆಂಡತಿಯ ಕೈಯಲ್ಲಿ ಒಳಗೆ ಕಳಿಸಿದೆ. ಅವಳು ಕುಣಿಯುತ್ತಾ ಹೊರಬಂದಳು. “ತೊಂಬತ್ತೆಂಟು! ನನ್ನಕಿಂತ ಚಲೋ ಐತಿ ನಿಮ್ಮ ಮಗಳದು. ಇನ್ನರ ಆರಾಮ ಕುಂದರ್ರಿ.” ಕೂಸಿನ ಬೆರಳಿಗೆ ಅದು ನಿಲ್ಲುತ್ತಿರಲಿಲ್ಲ. ಕೂಸಿಗೇನು, ಬಂಗಾರದಂಥ ಕೂಸು, ಅಳುವುದೇ ಇಲ್ಲ ಎಂದು ಇಬ್ಬರೂ ಹೊಗಳುತ್ತಿದ್ದರು. ಹಾಲು ಕುಡಿಯುವುದು, ತೊಟ್ಟಿಲಲ್ಲಿ ಮಲಗುವುದು. ಆ ಅಂಕಿಯನ್ನು ಹಿಡಿದುಕೊಂಡು ನಾನೂ ಎದೆಯ ಮೇಲಿನ ಕಲ್ಲು ಇಳಿಸಿದೆ. ನಂಬಲು ಏನಾದರೂ ಬೇಕಾಗಿತ್ತು.

ಚುಚ್ಚುಮದ್ದಿಗೆಂದು ತಾಯಿ ಮಗಳನ್ನು ಒಂದು ದಿನ ಕ್ಲಿನಿಕ್ಕಿಗೆ ಕರೆದೊಯ್ದೆವು. ಕಾರಿನ ಕಿಟಕಿ ಇಳಿಸಿದ್ದೆ. ಸ್ವಲ್ಪ ಹೊತ್ತಿಗೆ ಮಗಳು “ತಲಿ ಹಗರಾತಪ್ಪಾ” ಎಂದಳು. ಕ್ಲಿನಿಕ್ಕಿನಲ್ಲಿ ಕೂಸು ಸೂಜಿಗೂ ಮೊದಲೇ ಅಳತೊಡಗಿದ್ದು ಮರಳುವ ದಾರಿಯುದ್ದಕ್ಕೂ ಕಿರುಚುತ್ತಲೇ ಇತ್ತು. ಹೊರಗಿನ ಹವೆ ಸೋಕಿತು, ಅದಕ್ಕೇ ಅಳು ಎಂದು ಅಕ್ಕ ಮನೆಗೆ ಬಂದವಳೇ ಕೋಣೆ ಬೆಚ್ಚಗೆ ಮಾಡಿದಳು. ಸಂಜೆಯ ಹೊತ್ತಿಗೆ ಕೂಸು ಮತ್ತೆ ಬಂಗಾರವಾಯಿತು, ಮಗಳು ಮತ್ತೆ ಹಣೆಗೆ ಬಟ್ಟೆ ಕಟ್ಟಿಕೊಂಡಳು. ನನ್ನ ಮನಸ್ಸಿನಲ್ಲಿ ಏನೋ ಗೀರಿದಂತಾಯಿತು, ಆದರೆ ಅದು ಏನೆಂದು ಹಿಡಿಯಲಾಗಲಿಲ್ಲ. ಆ ದಿನವೇ ಅಕ್ಕ ಮೇಲಿನ ವೆಂಟಿಲೇಟರಿಗೂ ಪೇಪರ್ ಅಂಟಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಒಂಬತ್ತನೆಯ ತರಗತಿಗೆ ಕಬ್ಬಿಣದ ಪಾಠವಿತ್ತು. ಮೊಳೆ, ಸೇತುವೆ, ಬಾಣಲೆ, ತುಕ್ಕು ಎಂದು ಎಂದಿನಂತೆ ಬರೆಯುತ್ತ ಬಂದೆ. ಕೊನೆಗೆ ನಮ್ಮ ಮೈಯೊಳಗಿನ ಕಬ್ಬಿಣ. ಪ್ರತಿ ವರ್ಷ ಅದೇ ಮಾತು: ರಕ್ತದಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಹಿಡಿದುಕೊಂಡು ಮೈತುಂಬ ಹಂಚುತ್ತದೆ, ಅದಕ್ಕೇ ರಕ್ತ ಕೆಂಪು. ಆದರೆ ಇದೇ ಕಬ್ಬಿಣ ಆಮ್ಲಜನಕಕ್ಕಿಂತ ನೂರಾರು ಪಟ್ಟು ಗಟ್ಟಿಯಾಗಿ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಇದ್ದಿಲಿಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೂಡಿದರೂ ರಕ್ತ ಕೆಂಪಾಗಿಯೇ...

ಸೀಮೆಸುಣ್ಣ ನಿಂತಿತು. ಬೆರಳಿನ ಕ್ಲಿಪ್ಪು ನೋಡುವುದು ರಕ್ತದ ಕೆಂಪನ್ನು. ಯಾವುದು ಕೂಡಿ ಕೆಂಪಾಗಿದೆ ಎಂದು ಆ ಬಡ ಸಾಮಾನಿಗೆ ಗೊತ್ತಾಗುವುದಿಲ್ಲ. ಬಾಲ್ಕನಿಯಲ್ಲಿ ಹೊಗೆಯೆಲ್ಲ ಹೋದ ಮೇಲೆ ಒಳಗೆ ಬರುತ್ತಿದ್ದ ಆ ನಿಗಿನಿಗಿ ಕೆಂಡ ಕಣ್ಣ ಮುಂದೆ ಬಂತು. ಹೊಗೆ ಇದ್ದಿದ್ದರೆ ಕಣ್ಣಾದರೂ ಉರಿಯುತ್ತಿತ್ತು, ಯಾರಾದರೂ ಕೆಮ್ಮುತ್ತಿದ್ದರು. ಮಕ್ಕಳಿಗೆ ಏನು ಹೇಳಿದೆನೋ ನೆನಪಿಲ್ಲ, ಡಸ್ಟರ್ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದೆ.

ಮಗಳ ಫೋನು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಕ್ಕನ ಹತ್ತಿರ ಫೋನಿಲ್ಲ. ಹೆಂಡತಿ ಪಣಜಿಯಲ್ಲಿ, ನನಗಿಂತ ಮೊದಲು ಮನೆ ಮುಟ್ಟಲಾರಳು. ಸ್ಕೂಟರ್ ಹತ್ತಿದೆ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಪರ್ವರಿ ಬರುವ ಮೊದಲೇ ಸೇತುವೆಯ ಕಂಬಗಳ ನಡುವೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಷ್ಟು ವರ್ಷ ಗೊತ್ತಿಲ್ಲದ ದೇವರಿಗೆಲ್ಲ ಹರಕೆ ಹೊತ್ತೆ. ಕೂಸು ಅಳುವುದಿಲ್ಲ, ಬಂಗಾರದಂಥ ಕೂಸು ಎಂಬ ಮಾತು ತಲೆಯೊಳಗೆ ತಿರುಗುತ್ತಿತ್ತು, ಅದನ್ನು ಕೇಳಿದಾಗಲೆಲ್ಲ ನಾನೂ ನಕ್ಕಿದ್ದೆ. ಕೊನೆಗೆ ಸ್ಕೂಟರನ್ನು ಕೆಸರಿನಲ್ಲಿ ಇಳಿಸಿ, ಕೆಲಸಗಾರರು ಬೈಯುತ್ತಿದ್ದರೂ ಕಬ್ಬಿಣದ ರಾಶಿಯ ಪಕ್ಕದಿಂದ ಒಯ್ದೆ.

ಬಾಗಿಲು ತೆರೆದದ್ದು ಅಕ್ಕ. ಅಡುಗೆಮನೆಯಲ್ಲಿ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತಿದ್ದಳು. ಕೂಸು ಏಳುತ್ತದೆಂದು ಫೋನಿನ ಸದ್ದು ಆರಿಸಿಟ್ಟಿದ್ದರಂತೆ. “ಯಾಕೋ ತಮ್ಮಾ, ಹಿಂಗ ತೊಯ್ಸಿಕೊಂಡ ಬಂದಿ?” ಎಂದಳು. ನಾನು ನೇರ ಕೋಣೆಯ ಕಡೆ ನಡೆದೆ. ಅವಳು ಅಡ್ಡ ಬಂದು ಬಾಗಿಲಿಗೆ ಕೈ ಹಚ್ಚಿ ನಿಂತಳು.

“ಒಳಗ ಹೋಗಬ್ಯಾಡ. ಮೈಲಿಗಿ ಅರಿವ್ಯಾಗ ಅದೀ. ತಾಯಿ ಮಗಳು ಈಗ ಮಲಗ್ಯಾವು, ಎಂಥಾ ಚಲೋ ನಿದ್ದಿ ಹತ್ತೇತಿ.”

ಜೀವನದಲ್ಲಿ ಮೊದಲ ಸಲ ಅಕ್ಕನ ಮೈಗೆ ಕೈ ಹಚ್ಚಿ ಪಕ್ಕಕ್ಕೆ ತಳ್ಳಿದೆ.

ಕೋಣೆ ಹಿತವಾಗಿತ್ತು. ಅದನ್ನು ಈಗಲೂ ಮರೆಯಲು ಆಗುವುದಿಲ್ಲ. ಬೆಚ್ಚಗೆ, ಲೋಬಾನದ ಕಂಪು, ಒಂದೆಳೆ ಹೊಗೆಯಿಲ್ಲ. ಮಂಚದ ಮೇಲೆ ಮಗಳು ಕೆನ್ನೆ ಕೆಂಪಗೆ ಮಾಡಿಕೊಂಡು ಮಲಗಿದ್ದಳು. ಹೆಸರು ಹಿಡಿದು ಕೂಗಿದೆ, ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದೆ. ಕಣ್ಣು ತೆರೆದು ನನ್ನನ್ನು ನೋಡಿದಳು, ಯಾರೆಂದು ತಿಳಿದಂತೆ ಕಾಣಲಿಲ್ಲ. ಏನೋ ಹೇಳಲು ಹೋಗಿ ನಾಲಿಗೆ ತೊದಲಿ, ಕೌದಿಯ ಮೇಲೆಯೇ ವಾಂತಿ ಮಾಡಿದಳು. ಕಿಟಕಿಯನ್ನು ಪೂರ್ತಿ ಸರಿಸಿದೆ. ತೊಟ್ಟಿಲಿನಿಂದ ಕೂಸನ್ನು ಎತ್ತಿದರೆ ಅದರ ಕತ್ತು ನನ್ನ ಅಂಗೈಯಲ್ಲಿ ಹಾಗೇ ಹೊರಳಿತು. ಅಂಗಾಲಿಗೆ ಚಿಟಿಕೆ ಹೊಡೆದೆ. ಮತ್ತೆ ಹೊಡೆದೆ. ಕಾಲು ಎಳೆದುಕೊಳ್ಳಲಿಲ್ಲ.

ಕೂಸನ್ನು ಎದೆಗೆ ಒತ್ತಿಕೊಂಡು ಬಾಲ್ಕನಿಗೆ ಓಡಿದೆ. ಮಳೆಗಾಳಿ ರಪ್ಪನೆ ಬಡಿಯುತ್ತಿತ್ತು. ಅಕ್ಕ ಹಿಂದಿನಿಂದ ಚೀರಿದಳು: “ಥಂಡಿ ಗಾಳಿಗೆ ಹಿಡದಿ, ಕೂಸನ್ನ ಕೊಲ್ಲತಿ! ಕೊಡಿಲ್ಲೆ ಅದನ್ನ!” ಗಾಳಿಯಲ್ಲೇ ಇರಬೇಕು ಅಕ್ಕಾ, ಗಾಳಿಯೇ ಬೇಕು ಎಂದು ನಾನೂ ಚೀರುತ್ತಿದ್ದೆ. ಗದ್ದಲ ಕೇಳಿ ಎದುರು ಮನೆಯ ಕೊಂಕಣಿ ಬಾಯಿ “ಕಿತೆಂ ಜಾಲೆಂ?” ಏನಾಯಿತು ಎನ್ನುತ್ತ ಬಂದವಳು, ನನ್ನ ಮುಖ ನೋಡಿ ಇನ್ನೊಂದು ಮಾತು ಕೇಳದೆ ಕಾರಿನ ಕೀಲಿ ತಂದಳು. ಅವಳೂ ಅಕ್ಕನೂ ಮಗಳನ್ನು ಎರಡು ಕಡೆ ಹಿಡಿದು ಲಿಫ್ಟಿಗೆ ತಂದರು. ಆಸ್ಪತ್ರೆಯ ದಾರಿಯಲ್ಲಿ ಕಿಟಕಿಗಳೆಲ್ಲ ಇಳಿದಿದ್ದವು, ಮಳೆ ನಮ್ಮ ತೊಡೆಯ ಮೇಲೆಲ್ಲ ಬೀಳುತ್ತಿತ್ತು. ನಾನು ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಕುಳಿತಿದ್ದೆ. ಉಸಿರು ಇದೆ ಅನ್ನಿಸುತ್ತಿತ್ತು, ಮರುಕ್ಷಣ ಅದು ಗಾಳಿ ಅನ್ನಿಸುತ್ತಿತ್ತು. ಆಸ್ಪತ್ರೆಯ ಗೇಟು ಕಂಡಾಗ ಕೂಸು ಬಾಯಿ ಅಗಲಿಸಿ ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು. ಅಳು ಎನ್ನುವಷ್ಟು ದೊಡ್ಡದಲ್ಲ. ನಾನು ಅತ್ತೆ.

ಒಳಗೆ ಒಯ್ದ ಕೂಡಲೇ ಡಾಕ್ಟರಿಗೆ ಇದ್ದಿಲಿನ ಸುದ್ದಿ ಹೇಳಿದೆ. ಅವರಿಗೆ ಅಷ್ಟೇ ಸಾಕಾಯಿತು. ಇಬ್ಬರ ಮುಖಕ್ಕೂ ಆಕ್ಸಿಜನ್ ಹಚ್ಚಿದರು, ರಕ್ತ ತೆಗೆದುಕೊಂಡರು. ನಾನು ಊಹಿಸಿದ್ದೇ ರಕ್ತದಲ್ಲಿತ್ತು. ದೊಡ್ಡಾಕೆ ಬೇಗ ಸುಧಾರಿಸುತ್ತಾಳೆ, ಕೂಸಿನದು ನಾಳೆಯವರೆಗೆ ಕಾಯಬೇಕು, ಸಣ್ಣ ಮಿದುಳು ಎಂದರು. ನಾಳೆಯವರೆಗೆ ಕಾಯುವುದೆಂದರೆ ಏನೆಂದು ನಾನು ಬರೆದು ತಿಳಿಸಲಾರೆ. ಶಾಲೆಯಲ್ಲಿ ಆಮ್ಲಜನಕದ ಉಪಯೋಗಗಳು ಎಂದು ಬರೆಸುವಾಗ ಆಸ್ಪತ್ರೆಯ ಸಿಲಿಂಡರನ್ನು ಬೆಸುಗೆಯ ಸಿಲಿಂಡರಿನ ಜೊತೆಗೆ ಒಂದೇ ಸಾಲಿನಲ್ಲಿ ಬರೆಸುತ್ತಿದ್ದೆ. ಈಗ ಆ ಗಾಜಿನ ಬುಂಡೆಯೊಳಗೆ ಏಳುವ ಗುಳ್ಳೆಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ, ಎಲ್ಲಿ ನಿಂತುಬಿಡುತ್ತವೋ ಎಂದು.

ಹೆಂಡತಿ ಆಫೀಸಿನಿಂದ ಓಡಿ ಬಂದವಳು ಅಕ್ಕನ ಎದುರು ನಿಂತು ಒಂದೇ ಮಾತು ಆಡಿದಳು: “ನಿಮ್ಮನ್ನ ನಂಬಿ ಕರಸಿದ್ವಿ ಅಕ್ಕಾರ.” ಆಮೇಲೆ ಅವಳ ಕಡೆ ತಿರುಗಿ ನೋಡಲಿಲ್ಲ. ಕೆಂಡಕ್ಕೆ ಹೆಂಡತಿಯೂ ಹೂಂ ಅಂದಿದ್ದಳು, ನಾನೂ ಕೊನೆಗೆ ಹೂಂ ಅಂದಿದ್ದೆ. ಆದರೆ ಆ ಹೊತ್ತಿನಲ್ಲಿ ಅದನ್ನು ಎತ್ತುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಕೂಸು ಜೋರಾಗಿ ಅತ್ತಿತು. ಹಾಲು ಕುಡಿಯಿತು, ಮತ್ತೆ ಅತ್ತಿತು, ನರ್ಸಿನ ಬೆರಳು ಗಟ್ಟಿಯಾಗಿ ಹಿಡಿದುಕೊಂಡಿತು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು, ಕೈಕಾಲು ಎಳೆದು ನೋಡಿ, ಗಂಡಾಂತರ ಕಳೆಯಿತು ಎಂದರು. ಮುಂದೆ ಕೆಲವು ತಿಂಗಳು ಬೆಳವಣಿಗೆ ನೋಡುತ್ತಿರಬೇಕು ಎಂದೂ ಹೇಳಿದರು, ನೋಡುತ್ತಿದ್ದೇವೆ, ಎಲ್ಲ ಸರಿಯಾಗಿದೆ. ಹೆಂಡತಿ ಒಳಗೆ ಮಗಳ ತಲೆ ಬಾಚುತ್ತಿದ್ದಳು. ನಾನು ಹೊರಗೆ ಬಂದೆ.

ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಿದ್ದಳು. ಕ್ಯಾಂಟೀನಿನಿಂದ ತಂದುಕೊಟ್ಟ ಪಾವು ಭಾಜಿ ಪಕ್ಕದಲ್ಲಿ ಹಾಗೇ ಇತ್ತು. ನಾನು ಕುಳಿತ ಮೇಲೆ ಕೇಳಿದಳು.

“ಏನದು ತಮ್ಮಾ? ಹೊಗಿ ಇಲ್ಲ, ವಾಸನಿ ಇಲ್ಲ. ನನಗ ತಿಳಿಯೂವಂಗ ಹೇಳು.”

ಹೇಳಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಎಂದೆ. ರಕ್ತದೊಳಗಿನ ಕಬ್ಬಿಣದ ಮೇಲೆ ನಮ್ಮ ಉಸಿರು ಕೂರಬೇಕು. ಇದ್ದಿಲಿನಿಂದ ಬರುವ ಆ ಗಾಳಿ ಮೊದಲೇ ಟವೆಲ್ 
ಹಾಕಿಬಿಡುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಉಸಿರು ಒಳಗೆ ಬರುತ್ತದೆ, ಕೂರಲು ಜಾಗ ಸಿಗದೆ ಹಾಗೇ ಹೊರಗೆ ಹೋಗುತ್ತದೆ. ಕೋಣೆ ತೆರೆದಿದ್ದರೆ ಆ ಗಾಳಿ ಚದುರಿ ಹೋಗುತ್ತದೆ, ಮುಚ್ಚಿದ್ದರೆ ಅಲ್ಲೇ ನಿಲ್ಲುತ್ತದೆ. ಅಕ್ಕ ನನ್ನ ತುಟಿಗಳನ್ನೇ ನೋಡುತ್ತ ಕೇಳಿದಳು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅಷ್ಟು ಗಮನವಿಟ್ಟು ನನ್ನ ಪಾಠ ಕೇಳಿಲ್ಲ.

“ದೊಡ್ಡವರಿಗೆ ತಲಿ ನೋಯತೈತೇನು?”

“ಹೌದು. ವಾಂತಿನೂ ಆಗತೈತಿ.”

“ಕೂಸು ಅಳತೈತೇನು?”

“ಇಲ್ಲಕ್ಕಾ. ನಿದ್ದಿ ಬಂದಂಗ ಬರತೈತಿ. ಸಣ್ಣ ಕೂಸು ಲಗುಲಗು ಉಸರ ತಗೋತೈತಿ, ಅದಕ್ಕ ಮೊದಲ ಹತ್ತತೈತಿ.”

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ನನ್ನ ಮೊದಲನೇ ಕೂಸು ಹಂಗ ಹೋತು,” ಎಂದಳು.

ಅಕ್ಕನಿಗೆ ಇಬ್ಬರು ಗಂಡುಮಕ್ಕಳೆಂದು ನನಗೆ ಗೊತ್ತು. ಅವರಿಗಿಂತ ಮೊದಲು ಒಂದು ಕೂಸು ಇತ್ತೆಂದು ಅರವತ್ತರ ಹತ್ತಿರ ಬಂದ ನಾನು ಆ ಬೆಂಚಿನ ಮೇಲೆ ಮೊದಲ ಸಲ ಕೇಳಿದೆ.

“ನೀ ಆಗ ಸಣ್ಣಾವ, ನಿನ್ನ ಬಾಜೂ ಮನ್ಯಾಗ ಬಿಟ್ಟಿದ್ರು,” ಎಂದಳು. “ನನ್ನ ಬಾಣಂತನ ಅವ್ವನ ಮಾಡಿದ್ಲು, ನಮ್ಮ ಮನ್ಯಾಗ. ಆ ವರ್ಷ ಮಳಿ ಹಿಡಕೊಂಡ ಬಿಟ್ಟಿತ್ತು. ಬೆಳಕಿಂಡ್ಯಾಗಿಂದ ನೀರ ಇಳೀತಾವಂತ ತಗಡ ಮುಚ್ಚಿ, ಸಂದಿಗೆಲ್ಲಾ ಗೋಣಿಚೀಲ ತುರುಕಿಸಿದ್ಲು. ಮುಂಜಾನಿ ನೋಡಿದ್ರ ಕೂಸು ನನ್ನ ಮಗ್ಗಲದಾಗ ತಣ್ಣಗಾಗಿತ್ತು. ನನಗ ತಲಿ ಸಿಡದ ಹೋಗೂವಂಗ ಆಗಿತ್ತು. ಎದ್ದ ಕೂಡ್ಲಿ ವಾಂತಿ ಮಾಡಿಕೊಂಡೆ. ದುಃಖಕ್ಕ ಹಂಗ ಆಗತೈತಿ ಅಂದ್ರು.”

ಅವಳೇ ಮುಂದುವರಿಸಿದಳು.

“ಯಾರೂ ಬೈಲಿಲ್ಲ. ಅವ್ವ ಮಾತ್ರ ನನ್ನ ಕಿವ್ಯಾಗ ಅಂದ್ಲು, ನಿದ್ದಿಗಣ್ಣಾಗ ಕೂಸಿನ ಮ್ಯಾಲ ಹೊಳ್ಳಿ ಬಿದ್ದಿ, ಯಾರ ಮುಂದೂ ಹೇಳಬ್ಯಾಡ, ಗಂಡಗೂ ಹೇಳಬ್ಯಾಡ ಅಂತ. ನಾ ಹೇಳಲಿಲ್ಲ.”

ಪುರಾವೆಯಿಲ್ಲದೆ ಒಂದು ಮಾತನ್ನೂ ಹೇಳದವನು ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಐವತ್ತು ವರ್ಷಕ್ಕೂ ಹಿಂದಿನ ಒಂದು ರಾತ್ರಿಗೆ ಎಲ್ಲಿಯ ಪುರಾವೆ, ಯಾವ ರಕ್ತದ ಪರೀಕ್ಷೆ? ಆದರೆ ಮುಚ್ಚಿದ ಬೆಳಕಿಂಡಿ ಇತ್ತು, ಕೆಂಡ ಇತ್ತು, ಅವಳ ತಲೆನೋವು ಇತ್ತು. “ಅಕ್ಕಾ, ನೀ ಬಿದ್ದಿರಲಿಲ್ಲ. ಅದು ಬೆಂಕಿ,” ಎಂದೆ. ಹೇಳಿದ ಮೇಲೆ, ಆ ಬೆಂಕಿಯನ್ನು ಇಟ್ಟ ಕೈ ಯಾರದೆಂದು ನನಗೆ ಹೊಳೆಯಿತು. ಅಕ್ಕನಿಗೆ ಅದು ನನಗಿಂತ ಮೊದಲೇ ತಿಳಿದಿತ್ತು.

“ಅವ್ವಗ ಗೊತ್ತಿರಲಿಲ್ಲ ಪಾಪ,” ಎಂದಳು. “ಗೊತ್ತಿದ್ರ ಇಡತಿದ್ಲೇನು? ನನಗರ ಗೊತ್ತಿತ್ತೇನು?”

ಒಳಗೆ ಕೂಸು ಮತ್ತೆ ಅಳತೊಡಗಿತು. ಅಕ್ಕ ಆ ಕಡೆ ಕಿವಿ ಕೊಟ್ಟಳು.

“ಆಮ್ಯಾಲ ಎರಡ ಹುಡುಗುರು ಆದ್ವು,” ಎಂದಳು. “ಅವನ್ನ ಒಂದ ದಿನಾನೂ ಮಗ್ಗಲದಾಗ ಹಾಕ್ಕೊಂಡ ಮಲಗಲಿಲ್ಲ. ಕುಡಸೂದು, ಒಯ್ದು ತೊಟ್ಟಲದಾಗ ಹಾಕೂದು. ಜ್ವರಾ ಬಂದ್ರೂ ಹಂಗ. ನಡ್ಯಾಕ ಕಲತ ಮ್ಯಾಲ ಅವ್ವಾ ಅಂತ ಹಾಸಗಿಗೆ ಬರತಿದ್ವು, ಎಬ್ಬಿಸಿ ಅವರಪ್ಪನ ಕಡೆ ಕಳಸ್ತಿದ್ದೆ. ಕಲ್ಲೆದಿ ಅವ್ವ ಅಂತಾವು ಇನ್ನೂ, ಚೇಷ್ಟಿಗೆ.”

ಅವಳು ನನ್ನ ಕಡೆ ತಿರುಗಿದಳು.

“ತಮ್ಮಾ, ಹಂಗಾರ ಅವನ್ನ ಮಗ್ಗಲದಾಗ ಹಾಕ್ಕೋಬಹುದಿತ್ತೇನು?”

“ಹಾಕ್ಕೋಬಹುದಿತ್ತಕ್ಕಾ,” ಎಂದೆ.

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.